ನಡುವೆ ನಿಲ್ಲುವ ಕೈ

ನಮ್ಮ ಬಾಕ್ಸಿಂಗ್ ಕ್ಲಬ್ಬಿನ ಈ ವಾರ್ಷಿಕೋತ್ಸವದ ಅಧ್ಯಕ್ಷ ಸ್ಥಾನದಲ್ಲಿರುವ, ನಮ್ಮ ನೆತ್ತಿಯ ಮೇಲಿನ ಮಹಡಿಯಲ್ಲಿ ಊರವರ ಹಲ್ಲುಗಳನ್ನು ಕಾಯುತ್ತಿರುವ ಡಾಕ್ಟರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯವರೇ, ನಮ್ಮೆಲ್ಲರ ಮುಷ್ಟಿಗಳನ್ನು ತಿದ್ದಿ ತೀಡಿದ ಮಾಸ್ತರೇ, ಸೈಕಲ್ ಅಂಗಡಿಗೆ ಬೀಗ ಹಾಕಿ ಬೆಳಿಗ್ಗೆಯಿಂದ ಕುರ್ಚಿ ಜೋಡಿಸಿದ ಕಾರ್ಯದರ್ಶಿಗಳೇ, ಕುರ್ಚಿ ಸಿಕ್ಕ ಮತ್ತು ಸಿಗದ ಸಭಿಕರೇ.

ಮೈಕು ಸ್ವಲ್ಪ ಕೆಳಗೆ ಬರಲಿ. ಹಾಂ, ಸಾಕು. ಬಾಯಿಗೆ ಬಂತು.

ಆಹ್ವಾನ ಪತ್ರಿಕೆಯಲ್ಲಿ ನನ್ನ ಪಾಲಿಗೆ 'ಸ್ಪೀಡ್ ಬ್ಯಾಗ್ ಹೊಡೆತದಲ್ಲಿ ಸ್ವಂತ ಶೈಲಿ ಮತ್ತು ತಂತ್ರ: ಉಪನ್ಯಾಸ ಹಾಗೂ ಪ್ರಾತ್ಯಕ್ಷಿಕೆ' ಎಂದು ಅಚ್ಚು ಹಾಕಿಸಿದ್ದಾರೆ. ಉಪನ್ಯಾಸ ಎಂದರೆ ಮಾತಾಡುವುದು. ಪ್ರಾತ್ಯಕ್ಷಿಕೆ ಎಂದರೆ ಮಾತಾಡಿದ್ದಕ್ಕೆ ಅನುಭವಿಸುವುದು.

ಅಚ್ಚಾಗದ ವಿಷಯ ಒಂದಿದೆ. ಕ್ಲಬ್ಬಿನವರಿಗೆ ಗೊತ್ತು, ಹೊರಗಿನಿಂದ ಬಂದವರಿಗೂ ಗೊತ್ತಾಗಲಿ, ಮುಚ್ಚುಮರೆ ಏಕೆ? ನಾನು ಬ್ಯಾಗು ಹೊಡೆಯುವ ರೀತಿಯಿಂದ ಅಧ್ಯಕ್ಷರ ಕೆಲಸಕ್ಕೆ ತೊಂದರೆಯಾಗುತ್ತಿದೆ. ಈ ಕಟ್ಟಡ ಅವರ ಅತ್ತೆಯವರದು. ಆದ್ದರಿಂದ ಸಮಿತಿಯವರು ಸೇರಿ ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಇವತ್ತು ಭಾಷಣ ಮುಗಿದ ಮೇಲೆ ನಾನು ಆ ಮೂಲೆಗೆ ಹೋಗಿ ಹೊಡೆಯಬೇಕು. ಅಧ್ಯಕ್ಷರು ಕೇಳಬೇಕು. ಮಧ್ಯೆ ನಿಲ್ಲಿಸದೆ ಹೊಡೆದರೆ ನಾಳೆ ಸಂಜೆಯೂ ಬರಬಹುದು. ನಿಲ್ಲಿಸಿದರೆ ಕೈಗೆ ಸುತ್ತುವ ಪಟ್ಟಿಯನ್ನು ಮಡಚಿಕೊಂಡು ಮನೆ ಕಡೆ. ಇಷ್ಟೇ. ಯಾರದೂ ತಪ್ಪಿಲ್ಲ. ಎಲ್ಲರೂ ಮರ್ಯಾದಸ್ಥರು.

ಎರಡನೇ ಸಾಲಿನಲ್ಲಿ ನನ್ನ ಮಗಳು ಕೂತಿದ್ದಾಳೆ. ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಈಗಾಗಲೇ ಗಡಿಯಾರ ತೋರಿಸುತ್ತಿದ್ದಾಳೆ, ನೋಡಿ. ತಾಯೀ, ಇನ್ನೂ ಪೀಠಿಕೆ ಮುಗಿದಿಲ್ಲ!

ಸ್ಪೀಡ್ ಬ್ಯಾಗ್ ಎಂದರೆ ಏನು? ಮುಖ್ಯೋಪಾಧ್ಯಾಯಿನಿಯವರು ಒಳಗೆ ಬರುವಾಗ ಅದನ್ನು ನೋಡಿ "ಇದೇನು, ಸೋರೆಬುರುಡೆ ನೇತುಹಾಕಿದ್ದೀರಿ" ಎಂದು ಕೇಳಿದರು. ಹೋಲಿಕೆ ಸರಿಯಾಗಿದೆ. ಚರ್ಮದ ಬುರುಡೆ, ಒಳಗೆ ಗಾಳಿ. ತಲೆಯ ಮೇಲೆ ಒಂದು ದುಂಡನೆಯ ಹಲಗೆ, ಹಲಗೆಯ ನಡುವೆ ಒಂದು ತಿರುಗಣೆ, ಅದಕ್ಕೆ ಈ ಬುರುಡೆ ತೂಗುತ್ತದೆ. ಮುಷ್ಟಿಯಿಂದ ಹೊಡೆದರೆ ಆಚೆ ಹೋಗಿ ಹಲಗೆಗೆ ಬಡಿಯುತ್ತದೆ, ಈಚೆ ಬಂದು ಬಡಿಯುತ್ತದೆ, ಮತ್ತೆ ಆಚೆ ಹೋಗಿ ಬಡಿಯುತ್ತದೆ. ಮೂರು ಸದ್ದು. ಮೂರನೆಯದು ಕಿವಿಗೆ ಬಿದ್ದ ಮೇಲೆ ಮುಂದಿನ ಹೊಡೆತ. ಕ್ಲಬ್ಬಿನಲ್ಲಿ ನಾವು ಅದನ್ನು ಬುರುಡೆ ಎಂದೇ ಕರೆಯುತ್ತೇವೆ. ಸಂಜೆ ಎಲ್ಲಿಗೆ ಹೊರಟಿರಿ ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ "ಬುರುಡೆ ಹೊಡೆಯೋಕೆ" ಎನ್ನುತ್ತೇನೆ. "ಅದಕ್ಕೆ ಅಷ್ಟು ದೂರ ಯಾಕೆ ಹೋಗ್ತೀರಿ, ಇಲ್ಲೇ ಕೂತು ಹೊಡೀರಿ, ನಾವೂ ಇದೀವಿ" ಅನ್ನುತ್ತಾರೆ.

ನಾನು ಇಲ್ಲಿಗೆ ಹೇಗೆ ಬಂದೆ? ನಾನು ಬಾಕ್ಸರ್ ಅಲ್ಲ. ಜನ್ಮದಲ್ಲಿ ಒಬ್ಬರಿಗೂ ಹೊಡೆದವನಲ್ಲ. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ತೂಕದ ಬಟ್ಟು ಪರೀಕ್ಷಿಸುವುದು, ಸರಿ ಇದ್ದರೆ ಮುದ್ರೆ ಒತ್ತುವುದು. ಇವತ್ತು ನನ್ನನ್ನು ಸ್ವಂತ ಶೈಲಿಯ ಬಗ್ಗೆ ಮಾತಾಡಲು ನಿಲ್ಲಿಸಿದ್ದಾರೆ. ಸಭಿಕರೇ, ತಕ್ಕಡಿಗೆ ಸ್ವಂತ ಶೈಲಿ ಇರಬಹುದೇ? ಒಂದು ಅಂಗಡಿಯ ಕಿಲೋಗೂ ಪಕ್ಕದ ಅಂಗಡಿಯ ಕಿಲೋಗೂ ಶೈಲಿಯಲ್ಲಿ ವ್ಯತ್ಯಾಸ ಇರಬಹುದೇ? ಅಂಥ ಶೈಲಿ ಕಂಡರೆ ನಾವು ಕೇಸು ಹಾಕುತ್ತಿದ್ದೆವು. ನೌಕರಿಯುದ್ದಕ್ಕೂ ಶೈಲಿಯನ್ನು ಹಿಡಿದು ಹಿಡಿದು ನೆಟ್ಟಗೆ ಮಾಡಿದವನು ನಾನು. ಹ್ಯಾಬಿಟ್ ಈಸ್ ದಿ ಸೆಕೆಂಡ್... ಸೆಕೆಂಡ್ ನೇಚರ್ರೋ ನೇಬರ್ರೋ, ಕಾಲೇಜಿನಲ್ಲಿ ಓದಿದ್ದು. ಎರಡೂ ಹೊಂದುತ್ತವೆ ಅನ್ನಿ.

ನನ್ನ ಎಡ ಹೆಗಲು ಹಿಡಿದುಕೊಂಡಿತ್ತು. ಕೈ ಮೇಲೆತ್ತಿದರೆ ಕಿವಿಯವರೆಗೂ ಬರುತ್ತಿರಲಿಲ್ಲ. ಮನುಷ್ಯರನ್ನು ಎತ್ತಿ ಕೂರಿಸಿ, ಎತ್ತಿ ಮಲಗಿಸಿ ಮಾಡುವವರಿಗೆ ಅದು ಬರುತ್ತದಂತೆ. ಆ ವಿಷಯ ಬೇಡ, ಮಗಳು ಬೆಳಿಗ್ಗೆಯೇ ಹೇಳಿದ್ದಾಳೆ. "ಅಪ್ಪಾ, ಸ್ಟೇಜ್ ಮೇಲೆ ಅಮ್ಮನ ವಿಷಯ ಎತ್ತಬೇಡ. ಸಿಂಪತಿ ಕೇಳಿದ ಹಾಗಿರುತ್ತೆ" ಅಂತ. ಸರಿಯಾದ ಮಾತು. ಎತ್ತುವುದಿಲ್ಲ. ಹೆಗಲಿನ ವಿಷಯವಷ್ಟೇ ಹೇಳುತ್ತೇನೆ. ಎಣ್ಣೆ ಹಚ್ಚಿದ್ದಾಯಿತು, ಬಿಸಿನೀರಿನ ಚೀಲ ಇಟ್ಟಿದ್ದಾಯಿತು. ಕೊನೆಗೆ ಇವಳೇ ಒಂದು ಸಂಜೆ ನನ್ನನ್ನು ಇಲ್ಲಿಗೆ ಎಳೆದುಕೊಂಡು ಬಂದು ಮಾಸ್ತರ ಮುಂದೆ ನಿಲ್ಲಿಸಿದಳು, ಶಾಲೆಗೆ ಸೇರಿಸುವ ಹಾಗೆ.

ಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮೂಗು ಎರಡು ಕಡೆ ತಿರುಗಿರುವುದು ನಿಮಗೆಲ್ಲ ಗೊತ್ತು. ಅದನ್ನು ನೋಡಿ ನನಗೆ ಭಯವಾಯಿತು.

"ಇವರಿಗೆ ಏನು ಕಲಿಸ್ಬೇಕಮ್ಮ?"

"ಏನಾದ್ರೂ ಕಲಿಸಿ ಸಾರ್, ಸಂಜೆ ಹೊತ್ತು ಮನೇಲಿ ಒಬ್ರೇ ಇರ್ತಾರೆ."

"ಹೊಡೆಸ್ಕೊಳ್ಳೋ ವಯಸ್ಸಲ್ಲ. ಬುರುಡೆ ಹತ್ರ ನಿಲ್ಸೋಣ. ಅದು ತಿರುಗಿ ಹೊಡೆಯಲ್ಲ."

ಸುಳ್ಳು, ಸಭಿಕರೇ! ಅದು ತಿರುಗಿಯೂ ಹೊಡೆಯುತ್ತದೆ. ಮೊದಲ ದಿನವೇ ನನ್ನ ಕನ್ನಡಕ ಕಿಟಕಿಯವರೆಗೂ ಹೋಯಿತು.

ಈಗ ತಂತ್ರಕ್ಕೆ ಬರುತ್ತೇನೆ, ಹೊಸಬರು ಕಿವಿಗೊಡಿ. ಬುರುಡೆಯ ದಪ್ಪ ಭಾಗ ನಿಮ್ಮ ಗದ್ದದ ಎತ್ತರಕ್ಕೆ ಇರಲಿ. ಎತ್ತರ ಹೆಚ್ಚಾದರೆ ಹೆಗಲು ಸಾಯುತ್ತದೆ, ಕಡಿಮೆಯಾದರೆ ಕತ್ತು ಬಗ್ಗುತ್ತದೆ. ಮುಷ್ಟಿಯ ಗೆಣ್ಣಿನಿಂದ ಗುದ್ದಬೇಡಿ, ಕಿರುಬೆರಳಿನ ಕಡೆಯ ಪಕ್ಕದಿಂದ ತಟ್ಟಿ. ಬಾಗಿಲು ತಟ್ಟುವ ಹಾಗೆ, ಒಳಗೆ ಯಾರೋ ಮಲಗಿದ್ದಾರೆ ಎಂದು ತಿಳಿದು ತಟ್ಟುವ ಹಾಗೆ. ಹೊಸಬರೆಲ್ಲ ಮಾಡುವ ತಪ್ಪು ಒಂದೇ, ಜೋರು. ಜೋರಾಗಿ ಹೊಡೆದಷ್ಟೂ ಅದು ಅಡ್ಡಾದಿಡ್ಡಿ ಓಡುತ್ತದೆ. ಕೈ ಕೆಳಗೆ ಇಳಿಸಬೇಡಿ, ಗಾಳಿಯಲ್ಲಿ ಸಣ್ಣ ಚಕ್ರ ಬರೆಯುವಂತೆ ಒಂದರ ಹಿಂದೆ ಒಂದು ಬರಲಿ. ಎಲ್ಲಕ್ಕಿಂತ ಮುಖ್ಯ, ಕಣ್ಣನ್ನು ನಂಬಬೇಡಿ. ವೇಗ ಬಂದ ಮೇಲೆ ಬುರುಡೆ ಕಣ್ಣಿಗೆ ಕಾಣುವುದಿಲ್ಲ, ಹೊಗೆಯ ಹಾಗೆ ಆಗುತ್ತದೆ. ಕಿವಿಯೊಂದೇ ಗತಿ. ಹೊಡೆಯುವುದು ಕೈಯಾದರೂ ಕಲಿಯಬೇಕಾದ್ದು ಕೇಳುವುದನ್ನು.

ಈ ತಂತ್ರ ಎಲ್ಲರಿಗೂ ಒಂದೇ. ಹಾಗಾದರೆ ಶೈಲಿ ಎಲ್ಲಿಂದ ಬರುತ್ತದೆ? ಮಾಸ್ತರು ಅದನ್ನು ಕಲಿಸುವುದಿಲ್ಲ. ಕೇಳಿದರೆ "ನಿಮ್ಮ ಮನೆಯಿಂದ ತನ್ನಿ" ಅನ್ನುತ್ತಾರೆ. ಮೊದಲು ನನಗೆ ಅರ್ಥವಾಗಿರಲಿಲ್ಲ. ಆಮೇಲೆ ಗಮನಿಸಿದೆ. ನಮ್ಮಲ್ಲಿ ಒಬ್ಬರು ಕ್ಷೌರಿಕರಿದ್ದಾರೆ, ಅವರ ಮಣಿಕಟ್ಟು ಕತ್ತರಿಯ ಹಾಗೆ ಚಕಚಕ ಅನ್ನುತ್ತದೆ, ತೋಳು ಅಲ್ಲಾಡುವುದೇ ಇಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಒಬ್ಬಾಕೆ ಇದ್ದಾರೆ, ಎಡಗೈಯಿಂದ ಮೆಲ್ಲಗೆ ಒಂದು ತಟ್ಟಿ ಬಲಗೈಯಿಂದ ಥಟ್ಟನೆ ಒಂದು. ಅದು ಇಂಜೆಕ್ಷನ್ ಕೊಡುವವರ ಕೈ. ಮೊದಲು ಸಮಾಧಾನ, ಆಮೇಲೆ ಸೂಜಿ. ನಮ್ಮ ಕಾರ್ಯದರ್ಶಿಗಳು ಹೊಡೆಯುವಾಗ ಮೊಣಕೈ ಒಳಗೆ ತಿರುಗುತ್ತದೆ, ಟೈರಿಗೆ ಗಾಳಿ ತುಂಬುತ್ತಿದ್ದಾರೋ ಎನ್ನಿಸುತ್ತದೆ. ನಗಬೇಡಿ, ಅವರ ಬುರುಡೆ ಒಂದು ದಿನವೂ ಗತಿ ತಪ್ಪಿಲ್ಲ.

ನನ್ನ ಶೈಲಿ? ನಾನು ನಿಲ್ಲಿಸುತ್ತೇನೆ.

ವಿವರಿಸುತ್ತೇನೆ. ಚೆನ್ನಾಗಿ ಓಡುತ್ತಿರುವಾಗ, ದಡದಡ ದಡದಡ ಎಂದು ಹಲಗೆ ತುಂಬಿ ಹರಿಯುತ್ತಿರುವಾಗ, ನನ್ನ ಎರಡೂ ಕೈ ಇದ್ದಲ್ಲೇ ನಿಂತುಬಿಡುತ್ತವೆ. ಬುರುಡೆ ತಾನಾಗಿ ಬಡಿದುಕೊಳ್ಳುತ್ತದೆ, ಜೋರಾಗಿ, ಮೆಲ್ಲಗೆ, ಇನ್ನೂ ಮೆಲ್ಲಗೆ. ಅದು ಪೂರ್ತಿ ನಿಲ್ಲುವುದಕ್ಕೆ ಮೊದಲು ನಾನು ಮತ್ತೆ ಹಿಡಿಯುತ್ತೇನೆ, ಹಳೆಯ ವೇಗಕ್ಕೆ ತರುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನಿಲುಗಡೆ. ಬೇಕೆಂದು ಮಾಡಿದ್ದಲ್ಲ. ನನಗೆ ಗೊತ್ತೂ ಆಗಿರಲಿಲ್ಲ. ಮಾಸ್ತರೇ ಒಂದು ದಿನ ಪಕ್ಕದಲ್ಲಿ ನಿಂತು ನೋಡಿ ಹೇಳಿದರು:

"ಇನ್ಸ್‌ಪೆಕ್ಟ್ರೇ, ನಿಲ್ಸೋದು ಎಲ್ರಿಗೂ ಬರುತ್ತೆ. ಓಲಾಡ್ತಿರೋದನ್ನ ಮತ್ತೆ ಹಿಡಿಯೋದಿದ್ಯಲ್ಲ, ಅದು ನನಗೂ ಬರಲ್ಲ. ಎಲ್ಲಿ ಕಲಿತ್ರಿ?"

"ನಾನೇನು ಕಲಿತೆ ಸಾರ್? ನೀವು ಕಲಿಸಿದ್ದು."

"ನಾನು ಕಲಿಸಿಲ್ಲ. ನಂಗೆ ಕೆಟ್ಟ ಹೆಸರು ತರಬೇಡಿ."

ಸಂತೋಷವಾಯಿತು. ನಮ್ಮ ಇಲಾಖೆಯಲ್ಲಿ ನನ್ನ ಕೈಗೆ ಅಂತ ಯಾರೂ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ. ಆ ಸಂತೋಷದಲ್ಲೇ ಇರುವಾಗ ಅಧ್ಯಕ್ಷರು ಮೆಟ್ಟಿಲಿಳಿದು ಬಂದರು.

ಅಧ್ಯಕ್ಷರೇ, ನೆನಪಿದೆಯಲ್ಲವೇ? ಕುತ್ತಿಗೆಯಲ್ಲಿ ಮಾಸ್ಕು ನೇತಾಡುತ್ತಿತ್ತು, ಕೈಯಲ್ಲಿ ಗ್ಲೌಸು. ಬಾಗಿಲಲ್ಲಿ ನಿಂತು "ಯಾರ್ರೀ ಅದು ನಿಲ್ಲಿಸೋದು?" ಎಂದು ಕೇಳಿದಿರಿ. ಸದ್ದಿನ ಮೇಲೆ ದೂರು ಬಂತು ಎಂದುಕೊಂಡು ಕಾರ್ಯದರ್ಶಿಗಳು ಓಡಿ ಬಂದರು.

"ಸಾರಿ ಸಾರ್, ಈಗ್ಲೇ ನಿಲ್ಲಿಸ್ತೀವಿ ಸಾರ್."

"ನಿಲ್ಲಿಸಬೇಡ್ರೀ! ಅದೇ ನನ್ನ ಕಷ್ಟ. ಬೇರೆಯವರೆಲ್ಲ ಒಂದೇ ಸಮ ಹೊಡೀತಾರೆ, ಮಳೆ ಬಂದ ಹಾಗೆ ಇರುತ್ತೆ, ನಂಗೆ ಕೇಳ್ಸೋದೇ ಇಲ್ಲ. ಯಾರೋ ಒಬ್ರು ಮಧ್ಯೆ ಮಧ್ಯೆ ನಿಲ್ಲಿಸ್ತಾರೆ. ನಿಂತ ತಕ್ಷಣ ನನ್ನ ಕೈಯೂ ನಿಲ್ಲುತ್ತೆ. ಡ್ರಿಲ್ಲು ಹಲ್ಲಿನೊಳಗಿರುತ್ತೆ, ನಾನು ಕೆಳಗಿನ ಸದ್ದು ಯಾವಾಗ ಶುರುವಾಗುತ್ತೆ ಅಂತ ಕಾಯ್ತಾ ಇರ್ತೀನಿ. ರೋಗಿ ಕಣ್ ಕಣ್ ಬಿಡ್ತಾನೆ!"

ಎಲ್ಲರೂ ನನ್ನ ಕಡೆ ತಿರುಗಿದರು. ತಕ್ಕಡಿಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ಅಂಗಡಿಯವನ ಮುಖ ಹೇಗಿರುತ್ತದೆಂದು ನಾನು ನೌಕರಿಯುದ್ದಕ್ಕೂ ನೋಡಿದ್ದೆ. ಒಳಗಿನಿಂದ ಹೇಗಿರುತ್ತದೆಂದು ಅವತ್ತು ತಿಳಿಯಿತು.

ಡಾಕ್ಟರು ಹೇಳಿದ್ದು ನ್ಯಾಯವಾದದ್ದು. ಹಲ್ಲು ಸಣ್ಣ ವಸ್ತು, ಅಲ್ಲಿ ಕೈ ತಪ್ಪಬಾರದು. ಸಮಿತಿ ಕೂತಿತು, ಒಪ್ಪಂದವಾಯಿತು, ಅದನ್ನು ಆಗಲೇ ಹೇಳಿದೆ. ಹೊತ್ತು ಬದಲಾಯಿಸೋಣವೆಂದರೆ ಸಂಜೆ ಬಿಟ್ಟರೆ ಈ ಕೋಣೆ ಖಾಲಿ ಇರುವುದಿಲ್ಲ, ಬೆಳಿಗ್ಗೆ ಇಲ್ಲಿ ಹೊಲಿಗೆ ಕ್ಲಾಸು. ಡಾಕ್ಟರಿಗೂ ಸಂಜೆಯೇ ಜನ. ಹೀಗಾಗಿ ಉಳಿದದ್ದು ಒಂದೇ ದಾರಿ. ನಾನು ನಿಲ್ಲಿಸುವುದನ್ನು ನಿಲ್ಲಿಸಬೇಕು.

ಏಕೆ ನಿಲ್ಲಿಸುತ್ತೇನೆ ಎಂದು ಕಂಡುಹಿಡಿದವಳು ಮಗಳು. ಮಾಸ್ತರಲ್ಲ, ನಾನೂ ಅಲ್ಲ. ಒಂದು ಸಂಜೆ ನನ್ನನ್ನು ಕರೆದುಕೊಂಡು ಹೋಗಲು ಬಂದವಳು ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ದಾರಿಯಲ್ಲಿ "ಅಪ್ಪಾ, ನೀನು ಮಿಕ್ಸಿ ಆಫ್ ಮಾಡೋ ಥರಾನೇ ನಿಲ್ಲಿಸ್ತೀಯ" ಅಂದಳು.

ಇದನ್ನು ಹೇಳಬೇಕಾದರೆ ನಾನು ಎತ್ತುವುದಿಲ್ಲ ಎಂದ ವಿಷಯವನ್ನು ಸ್ವಲ್ಪ ಎತ್ತಲೇಬೇಕಾಗುತ್ತದೆ. ಸಿಂಪತಿಗಲ್ಲ ಮಗಳೇ, ಇದು ಟೆಕ್ನಿಕಲ್ ವಿಷಯ.

ನನ್ನ ಹೆಂಡತಿಗೆ ನರಗಳ ಕಾಯಿಲೆ. ಮೊದಲು ಕಾಲು ಸೋತವು, ಆಮೇಲೆ ದನಿ. ಮಾತು ಸ್ಪಷ್ಟವಾಗಿಯೇ ಇತ್ತು, ಸದ್ದು ಮಾತ್ರ ಇಲ್ಲ. ರೇಡಿಯೊದ ಕಿವಿ ಹಿಂಡಿ ಸಣ್ಣ ಮಾಡಿದ ಹಾಗೆ. ಮುಂದಿನ ಕೋಣೆಯ ಕಿಟಕಿಯ ಹತ್ತಿರ ಅವಳ ಮಂಚ. ಅಡುಗೆಮನೆ ಹಿಂದೆ. ನಡುವೆ ಒಂದು ಕೋಣೆ. ನಾನು ಒಂದು ಗಂಟೆ ತಂದುಕೊಟ್ಟೆ, ಮೇಜಿನ ಮೇಲಿಟ್ಟು ತಟ್ಟುವಂಥದು, ಆಫೀಸಿನದು. ಅವಳು ಅದನ್ನು ಮುಟ್ಟಲಿಲ್ಲ.

"ನಾನೇನು ಆಫೀಸರಾ? ನೀವೇನು ಜವಾನರಾ, ಬೆಲ್ ಹೊಡೆದು ಕರೆಯೋಕೆ?"

"ಮತ್ತೆ ಹೆಂಗೆ ಕರೀತೀಯ?"

"ಇಷ್ಟ್ ದಿನ ಹೆಂಗ್ ಕರೀತಿದ್ನೋ ಹಂಗೆ."

ಹೇಗೆ ಕರೆಯುತ್ತಿದ್ದಳು? "ರೀ" ಅಂತ. ಅಷ್ಟೇ. ಒಂದೇ ಅಕ್ಷರ. ನಲ್ಲಿಯ ನೀರಿನ ಸದ್ದಿಗೂ ಮುಳುಗಿಹೋಗುವಂಥದು. ಆದ್ದರಿಂದ ನಾನು ಏನು ಮಾಡುತ್ತಿದ್ದರೂ ನಡುವೆ ನಿಲ್ಲಿಸುತ್ತಿದ್ದೆ. ಪಾತ್ರೆ ತೊಳೆಯುತ್ತಿದ್ದರೆ ನಲ್ಲಿ ಮುಚ್ಚಿ ಕೇಳುವುದು. ಬಟ್ಟೆ ಒಗೆಯುತ್ತಿದ್ದರೆ ಕುಸುಬುವುದು ಬಿಟ್ಟು ಕೇಳುವುದು. ಮಿಕ್ಸಿ ಹಾಕಿದರೆ ಸ್ವಲ್ಪ ತಿರುಗಿಸಿ ಆರಿಸುವುದು, ಕೇಳುವುದು, ಮತ್ತೆ ಹಾಕುವುದು. ನಮ್ಮ ಮನೆಯಲ್ಲಿ ಏನು ರುಬ್ಬಿದರೂ ತರಿತರಿಯೇ. ಕರೆದಿದ್ದರೆ ಹೋಗುತ್ತಿದ್ದೆ. "ಏನ್ ಬೇಕಿತ್ತು?" "ಏನಿಲ್ಲ, ಇದೀರಾ ಅಂತ ನೋಡ್ದೆ." "ನಾನು ಎಲ್ಲಿಗೆ ಹೋಗ್ಲೇ, ಪೆನ್ಷನ್ ತಗೊಳ್ಳೋ ದಿನ ಬಿಟ್ಟು?" ಇಷ್ಟು ಮಾತಾಡಿ ವಾಪಸ್ಸು ಬಂದು ಕೆಲಸ ಎಲ್ಲಿ ನಿಂತಿತ್ತೋ ಅಲ್ಲಿಂದ ಹಿಡಿಯುತ್ತಿದ್ದೆ. ವರ್ಷಗಟ್ಟಲೆ. ಮಾಸ್ತರೇ, ನೀವು ಎಲ್ಲಿ ಕಲಿತಿರಿ ಎಂದು ಕೇಳಿದಿರಲ್ಲ, ಅಲ್ಲಿ ಕಲಿತದ್ದು.

ಅವಳು ಹೋದಳು. ಕೈ ನಿಲ್ಲುವುದು ಉಳಿಯಿತು. ಇದರಲ್ಲಿ ವಿಶೇಷವೇನಿಲ್ಲ. ಲಾರಿ ಓಡಿಸಿದವರ ಕಾಲು ನಿದ್ದೆಯಲ್ಲೂ ಬ್ರೇಕು ಒತ್ತುತ್ತದೆ.

ಅಂತೂ ನಾನು ಹಟ ಹಿಡಿದೆ. ಸ್ವಂತ ಶೈಲಿಯನ್ನು ಬೆಳೆಸಿಕೊಳ್ಳುವುದು ಕಷ್ಟ ಅನ್ನುತ್ತಾರೆ. ಬಿಡಿಸಿಕೊಳ್ಳುವುದು ಎಂಥ ಕೆಲಸ ಗೊತ್ತೇ? ಮಾಸ್ತರು ಪಕ್ಕದಲ್ಲಿ ನಿಂತು, ನನ್ನ ಕೈ ನಿಲ್ಲುವ ಹೊತ್ತಿಗೆ ಸರಿಯಾಗಿ "ಹೂಂ, ಹೂಂ, ನಡೀಲಿ" ಅನ್ನುತ್ತಿದ್ದರು. ಬಂಡಿ ಎತ್ತಿಗೆ ಹೇಳುವ ಹಾಗೆ. ನರ್ಸ್ ಅಮ್ಮ ಎದುರಿಗೆ ನಿಂತು ಚಿಟಿಕೆ ಹಾಕುತ್ತಿದ್ದರು. ಪ್ರಾಕ್ಟೀಸ್ ಮೇಕ್ಸ್ ಎ ಮ್ಯಾನ್... ಮುಂದಿನ ಪದ ಮರೆತುಹೋಯಿತು. ಅಷ್ಟಕ್ಕೇ ನಿಂತರೂ ಅರ್ಥ ಕೆಡುವುದಿಲ್ಲ.

ಹೋದ ವಾರ ಆಯಿತು. ಶುರುವಿನಿಂದ ಕೊನೆಯವರೆಗೆ ಒಂದೇ ಸಮ, ಮಳೆ ಬಂದ ಹಾಗೆ. ಕ್ಲಬ್ಬಿನವರು ಸುತ್ತ ನಿಂತು ಕೂಗಿದರು. ಕಾರ್ಯದರ್ಶಿಗಳು ನನ್ನನ್ನು ಅಪ್ಪಿಕೊಂಡರು, ಗ್ರೀಸ್ ಅಂಗಿಗೆ ಹತ್ತಿತು. "ಗೆದ್ದುಬಿಟ್ರಿ ಇನ್ಸ್‌ಪೆಕ್ಟ್ರೇ, ಇದನ್ನೇ ವಾರ್ಷಿಕೋತ್ಸವಕ್ಕೂ ಹೊಡೆದುಬಿಡಿ, ಡಾಕ್ಟ್ರು ತಲೆದೂಗ್ತಾರೆ" ಅಂದರು. ನನಗೂ ಹೆಮ್ಮೆಯಾಯಿತು, ಇಲ್ಲ ಎನ್ನುವುದಿಲ್ಲ.

ಮನೆಗೆ ಹೋಗಿ ಅಡುಗೆಗೆ ನಿಂತೆ. ಮಿಕ್ಸಿ ಹಾಕಿದೆ, ಆರಿಸಿದೆ, ಮುಚ್ಚಳ ತೆಗೆದೆ. ಬೆಣ್ಣೆಯ ಹಾಗೆ ನುಣ್ಣಗಾಗಿತ್ತು. ಅಷ್ಟು ನುಣ್ಣಗೆ ನಮ್ಮ ಮನೆಯಲ್ಲಿ ಯಾವತ್ತೂ ಆಗಿರಲಿಲ್ಲ. ನಾನು ಮಧ್ಯೆ ಒಂದು ಸಲವೂ ಆರಿಸಿರಲಿಲ್ಲ.

ಅವತ್ತು ಊಟ ಸೇರಲಿಲ್ಲ. ಹೊಟ್ಟೆ ಸರಿಯಿರಲಿಲ್ಲವೋ ಏನೋ.

ಮಗಳು ಗಡಿಯಾರ ತೋರಿಸುವುದನ್ನು ನಿಲ್ಲಿಸಿದ್ದಾಳೆ. ಆದರೂ ಮುಗಿಸುತ್ತೇನೆ. ಮುಖ್ಯೋಪಾಧ್ಯಾಯಿನಿಯವರ ಭಾಷಣ ಬಾಕಿ ಇದೆ, ಬಹುಮಾನ ವಿತರಣೆ ಬಾಕಿ ಇದೆ.

ಅಧ್ಯಕ್ಷರೇ, ನಾನು ನಿಲ್ಲಿಸದೆ ಹೊಡೆಯಬಲ್ಲೆ. ಇದಕ್ಕೆ ಮಾಸ್ತರು ಸಾಕ್ಷಿ. ಈಗ ಆ ಮೂಲೆಗೆ ಹೋಗಿ ಹಾಗೆ ಹೊಡೆದರೆ ನಾಳೆಯೂ ಬರಬಹುದು ಎಂಬುದೂ ನನಗೆ ಗೊತ್ತು. ನಾಳೆ ಬರದೆ ಹೋದರೆ ಸಂಜೆಯ ಹೊತ್ತನ್ನು ಏನು ಮಾಡುವುದು ಎಂಬುದು ಮಾತ್ರ ಗೊತ್ತಿಲ್ಲ. ಆದರೆ ಯೋಚಿಸಿ ನೋಡಿದೆ. ನಾನು ನನ್ನ ರೀತಿಯಲ್ಲೇ ಹೊಡೆಯುತ್ತೇನೆ. ಕಾರ್ಯದರ್ಶಿಗಳೇ, ಹಣೆ ಚಚ್ಚಿಕೊಳ್ಳಬೇಡಿ. ಒಪ್ಪಂದ ಒಪ್ಪಂದವೇ. ಅಧ್ಯಕ್ಷರು ಬೇಡವೆಂದರೆ ನಾನು ಒಂದು ಮಾತೂ ಆಡುವುದಿಲ್ಲ. ನಾಳೆಯಿಂದ ಈ ಮೆಟ್ಟಿಲು ಹತ್ತಿದರೆ ಹಲ್ಲು ತೋರಿಸುವುದಕ್ಕೇ ಹತ್ತುತ್ತೇನೆ.

ತೀರ್ಮಾನಕ್ಕೆ ಮೊದಲು ಒಂದೇ ಒಂದು ವಿನಂತಿ, ಹಿರಿಯನ ಮಾತೆಂದು ಕೇಳಿ. ಕೆಳಗೆ ಸದ್ದು ನಿಂತಾಗ ನಿಮ್ಮ ಕೈಯೂ ನಿಲ್ಲುತ್ತದೆ ಎಂದಿರಿ. ನಿಲ್ಲಲಿ. ಯಂತ್ರವನ್ನು ಮೇಲೆತ್ತಿ, ಆರಿಸಿಬಿಡಿ. ನಿಮ್ಮ ಮುಂದೆ ಬಾಯಿ ತೆರೆದು ಮಲಗಿರುವವರು ಅಷ್ಟು ಹೊತ್ತಿನಿಂದ ಏನೋ ಹೇಳುತ್ತಿರಬಹುದು. ಆ ಸದ್ದಿನಲ್ಲಿ ನಿಮಗೆ ಕೇಳಿಸಿರುವುದಿಲ್ಲ. ಕೇಳಿ, ಉತ್ತರ ಕೊಡಿ. ಅಷ್ಟು ಹೊತ್ತಿಗೆ ಕೆಳಗೆ ನಾನೂ ಶುರು ಮಾಡಿರುತ್ತೇನೆ. ನಾನು ಶುರು ಮಾಡದೆ ಇರುವುದಿಲ್ಲ, ಆ ಗ್ಯಾರಂಟಿಗೆ ಮುದ್ರೆ ಒತ್ತಿ ಕೊಡುತ್ತೇನೆ.

ನನ್ನನ್ನು ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆ, ಸಹಿಸಿಕೊಂಡೇ ಬಂದಿರುವ ನನ್ನ ಮಗಳಿಗೆ, ಎಡಗೈಯನ್ನು ಕಿವಿಯ ಮೇಲಕ್ಕೆ ಏರಿಸಿಕೊಟ್ಟ ಮಾಸ್ತರಿಗೆ, ಇವತ್ತು ಕ್ಲಿನಿಕ್ ಮುಚ್ಚಿ ಕೆಳಗಿಳಿದು ಬಂದ ಅಧ್ಯಕ್ಷರಿಗೆ ನನ್ನ ಧನ್ಯವಾದ. ಯಾರಾದರೂ ನನ್ನ ಕನ್ನಡಕ ಹಿಡಿದುಕೊಳ್ಳಿ. ಈಗ ಹೋಗಿ ಹೊಡೆಯುತ್ತೇನೆ. ಮಧ್ಯೆ ಕೈ ನಿಂತರೆ ದಯವಿಟ್ಟು ಚಪ್ಪಾಳೆ ತಟ್ಟಬೇಡಿ, ಮುಗಿದಿರುವುದಿಲ್ಲ. ಸ್ವಲ್ಪ ಸುಮ್ಮನಿರಿ, ಸಾಕು.

ನಮಸ್ಕಾರ.